ಸೋಯಾ ಇಲ್ಲದ ಮಂಚೂರಿ

ಕುಂದಾಪುರ, ಬೈಂದೂರು, ಬ್ರಹ್ಮಾವರ - ರಾಷ್ಟ್ರೀಯ ಹೆದ್ದಾರಿ 66ರ ಈ ಮೂರು ಊರುಗಳಲ್ಲಿ ಯಾವುದಕ್ಕೆ ಸಂಜೆ ಹೋದರೂ ಗೋಬಿ ಮಂಚೂರಿಯ ಗಾಡಿ ಕಣ್ಣಿಗೆ ಬೀಳುತ್ತದೆ. ಜಾತ್ರೆಯಲ್ಲಂತೂ ಚುರುಮುರಿಯವರ ಪಕ್ಕದಲ್ಲೇ ಅದಕ್ಕೊಂದು ಜಾಗ. ಹೆಸರು ಮಂಚೂರಿಯಾದ್ದು, ಹುಟ್ಟು ಮಾತ್ರ ಭಾರತದ್ದು. ಕೋಲ್ಕತದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬಯಿಯಲ್ಲಿ ಕೋಳಿಯ ಮಂಚೂರಿಯನ್ ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ. ಇದರ ಕಂದು ಬಣ್ಣಕ್ಕೂ ರುಚಿಗೂ ಮುಖ್ಯ ಕಾರಣ ಸೋಯಾ ಸಾಸ್. ಸೋಯಾ ಅವರೆ ನಮ್ಮಲ್ಲಿ ಬೀದರ್, ಬೆಳಗಾವಿ, ಧಾರವಾಡದ ಕಡೆಯ ಬೆಳೆ. ಕರಾವಳಿಯ ಅಡುಗೆಗೆ ಅದು ಹೆಚ್ಚಾಗಿ ಬಂದದ್ದು ಸೀಸೆಯ ಮೂಲಕ.

ಮನೆಯಲ್ಲಿ ಒಂದು ಮಗುವಿಗೆ ಸೋಯಾ ಒಗ್ಗದಿದ್ದರೆ ಏನು ಮಾಡುವುದು? ಇಲ್ಲಿ 'ಒಗ್ಗದು' ಎಂದರೆ ಅಜೀರ್ಣವಲ್ಲ, ಅಲರ್ಜಿ. ಸೋಯಾದ ಗ್ಲೈಸಿನಿನ್, ಕಾನ್‌ಗ್ಲೈಸಿನಿನ್ ಮುಂತಾದ ಪ್ರೋಟೀನುಗಳನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಭಾವಿಸುತ್ತದೆ. ಮೈಮೇಲೆ ದದ್ದು, ತುಟಿ ಊತ, ವಾಂತಿ ಕಾಣಿಸಬಹುದು. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕೆಲವರಿಗೆ ಇಷ್ಟಾಗಲು ಅಲ್ಪ ಪ್ರಮಾಣವೇ ಸಾಕು.

ಚೆನ್ನಾಗಿ ಕುದಿಸಿದರೆ ದೋಷ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಈ ಪ್ರೋಟೀನುಗಳು ಬಹುಮಟ್ಟಿಗೆ ಶಾಖವನ್ನು ತಾಳಿಕೊಳ್ಳುತ್ತವೆ. ಸಾಸ್ ತಯಾರಿಸುವಾಗ ಶಿಲೀಂಧ್ರವು ಪ್ರೋಟೀನನ್ನು ತಿಂಗಳುಗಟ್ಟಲೆ ಒಡೆಯುತ್ತದೆ, ನಿಜ. ಆದರೆ ಒಡೆಯದ ಚೂರುಗಳು ಉಳಿದಿರಬಹುದು. ಅದನ್ನು ನಂಬಿ ಮಗುವಿಗೆ ಕೊಡುವಂತಿಲ್ಲ. ಸೋಯಾ ಬಿಡುವುದೊಂದೇ ದಾರಿ. ಆದರೆ ರುಚಿಯನ್ನೂ ಬಿಡಬೇಕೇ?

ಸೀಸೆಯೊಳಗಿನ ಕೆಲಸಗಾರರು

ಸೋಯಾ ಸಾಸ್ ಬಾಣಲೆಯಲ್ಲಿ ಏನು ಮಾಡುತ್ತದೆಂದು ನೋಡೋಣ. ಉಪ್ಪು ಕೊಡುತ್ತದೆ: 15 ಮಿಲಿಲೀಟರಿನಲ್ಲಿ ಸುಮಾರು 2.5 ಗ್ರಾಂ. ತುಸು ಹುಳಿ, ತುಸು ಸಿಹಿ ಕೊಡುತ್ತದೆ. ಇವನ್ನು ತುಂಬಿಕೊಳ್ಳುವುದು ಸುಲಭ. ಉಳಿದ ಎರಡು ಕೆಲಸಗಳು ಕಷ್ಟದವು: 'ಉಮಾಮಿ' ಎಂಬ ರುಚಿ ಮತ್ತು ಕಂದು ಬಣ್ಣ.

ಜಪಾನಿನ ರಸಾಯನ ವಿಜ್ಞಾನಿ ಕಿಕುನೇ ಇಕೇದಾ 1908ರಲ್ಲಿ ಕಡಲಕಳೆಯ ಸಾರಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸೋಯಾದ ಪ್ರೋಟೀನು ಒಡೆದಾಗ ಸಿಗುವುದೂ ಇದೇ ಅಮೈನೊ ಆಮ್ಲ. ಮಾಗಿದ ಟೊಮೆಟೊದಲ್ಲಿ, ಅಣಬೆಯಲ್ಲಿ ಇದು ಸಹಜವಾಗಿಯೇ ಇದೆ. ಜೊತೆಗೆ ಒಣ ಅಣಬೆಯ ಅಥವಾ ಒಣಮೀನಿನ ನ್ಯೂಕ್ಲಿಯೊಟೈಡುಗಳು ಸೇರಿದರೆ ರುಚಿ ಕೂಡುವುದಲ್ಲ, ಹಲವು ಪಟ್ಟು ಹೆಚ್ಚುತ್ತದೆ. ಗಂಗೊಳ್ಳಿಯ ಒಣ ಸಿಗಡಿಯ ಒಂದು ಚಿಟಿಕೆ ಪುಡಿ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಆದರೆ ಎಚ್ಚರ, ಸಿಗಡಿಯೇ ಒಗ್ಗದವರೂ ಇದ್ದಾರೆ.

ಇನ್ನು ಬಣ್ಣ. ಸಕ್ಕರೆ ಮತ್ತು ಅಮೈನೊ ಆಮ್ಲಗಳು ಬಿಸಿಯಲ್ಲಿ ಕೂಡಿ ಕಂದಾಗುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ವಿವರಿಸಿದರು. ದೋಸೆಯ ಅಂಚು ಕೆಂಪಗಾಗುವುದೂ ಇದರಿಂದಲೇ. ಈ ಕ್ರಿಯೆ ಬೇಗ ನಡೆಯಲು ಸುಮಾರು 140° ಸೆ. ಉಷ್ಣತೆ ಬೇಕು. ಬಾಣಲೆಯಲ್ಲಿ ನೀರಿರುವವರೆಗೆ ಉಷ್ಣತೆ 100° ಸೆ. ಆಸುಪಾಸಿನಲ್ಲೇ ನಿಲ್ಲುತ್ತದೆ, ಉರಿ ಹೆಚ್ಚಿಸಿದರೆ ಆ ಶಾಖವೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಸೋಯಾ ಸಾಸ್ ತನ್ನ ಬಣ್ಣವನ್ನು ಸಿದ್ಧಮಾಡಿಕೊಂಡೇ ಬಂದಿರುತ್ತದೆ. ನಾವಾದರೋ ನೀರು ಹಾಕುವ ಮೊದಲೇ ಬಣ್ಣ ತರಬೇಕು. ಸೋಯಾ ಇಲ್ಲದ ಮಂಚೂರಿ ಪೇಲವವಾಗುವುದು ಹೆಚ್ಚಾಗಿ ಈ ಕ್ರಮ ತಪ್ಪಿದಾಗ.

ಮಾಡಿ ನೋಡಿ

ಎರಡು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಕಾಲು ಗಂಟೆ ಹುರಿಯಿರಿ. ಮೊದಲು ನೀರು ಆರುತ್ತದೆ, ಆಮೇಲೆಯೇ ಕಂದು ಬರುತ್ತದೆ. ಗಡಿಯಾರ ಇಟ್ಟುಕೊಂಡು ಗಮನಿಸಿ. ಒಂದು ಚಮಚ ಬೆಲ್ಲ ಹಾಕಿ ಗಾಢವಾಗುವವರೆಗೆ ಕೈಯಾಡಿಸಿ. ಈಗ ಎರಡು ಟೊಮೆಟೊ, ಒಣ ಅಣಬೆಯ ಪುಡಿ, ಒಂದು ಲೋಟ ನೀರು, ಮುಕ್ಕಾಲು ಚಮಚ ಉಪ್ಪು ಸೇರಿಸಿ, ಅರ್ಧದಷ್ಟಾಗುವವರೆಗೆ ಕುದಿಸಿ ಸೋಸಿಕೊಳ್ಳಿ. ಇದೇ ನಿಮ್ಮ ಸಾಸ್.

ಹೂಕೋಸಿಗೆ ಜೋಳದ ಹಿಟ್ಟು (ಅಂಗಡಿಯವರ ಕಾರ್ನ್‌ಫ್ಲೋರ್) ಮತ್ತು ಅಕ್ಕಿಹಿಟ್ಟು ಕಲಸಿ ಕರಿಯಿರಿ. ಒಮ್ಮೆಗೆ ಸ್ವಲ್ಪವೇ ಹಾಕಬೇಕು; ಹೆಚ್ಚು ಹಾಕಿದರೆ ಎಣ್ಣೆ ತಣಿದು ಹೂಕೋಸು ಎಣ್ಣೆ ಕುಡಿಯುತ್ತದೆ. ಮಳೆಗಾಲದಲ್ಲಿ ಜೀಗುಜ್ಜೆ ಸಿಕ್ಕರೆ ಹೂಕೋಸಿಗಿಂತ ಅದೇ ಮೇಲೆಂದು ನನ್ನ ಅಭಿಪ್ರಾಯ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಬಾಡಿಸಿ, ಸಾಸ್ ಹೊಯ್ದು, ನೀರಿನಲ್ಲಿ ಕದಡಿದ ಒಂದು ಚಮಚ ಜೋಳದ ಹಿಟ್ಟು ಬೆರೆಸಿ. ಸುಮಾರು 70° ಸೆ. ದಾಟುತ್ತಲೇ ಪಿಷ್ಟದ ಕಣಗಳು ಉಬ್ಬಿ ರಸ ಮಂದವಾಗುತ್ತದೆ. ಮುರುಗಲಿನ (ಪುನರ್ಪುಳಿ) ರಸವನ್ನೋ ವಿನೆಗರನ್ನೋ ಒಲೆ ಆರಿಸುವಾಗ ಹಾಕಿ. ಹುಳಿಯಲ್ಲಿ ಹೆಚ್ಚು ಹೊತ್ತು ಕುದಿದರೆ ಪಿಷ್ಟ ಒಡೆದು ರಸ ಮತ್ತೆ ನೀರಾಗುತ್ತದೆ. ಕೆಂಪು ಬೇಕಾದರೆ ಬ್ಯಾಡಗಿ ಮೆಣಸು ಸಾಕು. ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ.

ಸೋಯಾ ಬೇರೆ ಬಾಗಿಲಿನಿಂದಲೂ ಒಳಗೆ ಬರುತ್ತದೆ. ಚಿಲ್ಲಿ ಸಾಸ್, ಷೆಜ್ವಾನ್ ಚಟ್ನಿ, ನೂಡಲ್ಸಿನ ಮಸಾಲೆ ಪೊಟ್ಟಣ ಇವುಗಳ ಹಿಂಬದಿ ಓದಿ. 'ಜಲವಿಶ್ಲೇಷಿತ ಸಸ್ಯ ಪ್ರೋಟೀನು' ಎಂಬ ಅರ್ಥದ ಮಾತಿದ್ದರೆ ಅದು ಸೋಯಾದ್ದೇ ಇರಬಹುದು. 2020ರ ಆಹಾರ ಲೇಬಲ್ ನಿಯಮಾವಳಿಯಂತೆ ಪೊಟ್ಟಣದ ಮೇಲೆ ಸೋಯಾ ಇರುವುದನ್ನು ತಿಳಿಸಬೇಕು. ಗಾಡಿಯ ಬಾಣಲೆಗೆ ಲೇಬಲ್ ಇಲ್ಲ. ಅಲ್ಲಿ "ಸೋಯಾ ಹಾಕಬೇಡಿ ಮಾರಾಯ್ರೆ" ಎಂದು ಹೇಳಿಸಿಕೊಂಡು ಮಾಡಿದರೂ ಬಾಣಲೆ, ಸಟ್ಟುಗ, ಎಣ್ಣೆ ಎಲ್ಲ ಹಿಂದಿನ ತಟ್ಟೆಯವೇ.

ಮನೆಯಲ್ಲಿ ಮಾಡಿದ ಈ ಸಾಸನ್ನು ಫ್ರೈಡ್ ರೈಸಿಗೂ ನೂಡಲ್ಸಿಗೂ ಬಳಸಬಹುದು. ಆದರೆ ಸೀಸೆಯ ಸಾಸ್ ತಿಂಗಳುಗಟ್ಟಲೆ ಕೆಡದಿರುವುದು ಮುಖ್ಯವಾಗಿ ಅದರಲ್ಲಿರುವ ಶೇಕಡಾ 15ಕ್ಕೂ ಮಿಕ್ಕಿದ ಉಪ್ಪಿನಿಂದ. ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನು ಆ ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮದರಲ್ಲಿ ಅಷ್ಟು ಉಪ್ಪಿಲ್ಲ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳೊಳಗೆ ಮುಗಿಸಿ.