ಎರಿ ಮಣ್ಣು ಕಲಿಸುವ ಪಾಠ

ಕಾರಹುಣ್ಣಿಮೆಯ ದಿನ ಊರಿನ ಎತ್ತುಗಳಿಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಝೂಲ ಹೊದಿಸಿ ಕರಿ ಹರಿಯಲು ಓಡಿಸುತ್ತಾರೆ. ಆ ಸಂಭ್ರಮವೆಲ್ಲ ದೊಡ್ಡವರದು. ಹದಿನೈದು ದಿನ ಕಳೆದು ಮಣ್ಣೆತ್ತಿನ ಅಮಾಸಿ ಬಂತೆಂದರೆ ಸರದಿ ಮಕ್ಕಳದು. ಕುಂದಗೋಳ ಸೀಮೆಯ ಹಳ್ಳಿಗಳಲ್ಲಿ ಆ ಹೊತ್ತಿಗೆ ಹುಡುಗರು ಬುಟ್ಟಿ ಹಿಡಿದು ಎರಿ ಹೊಲಕ್ಕೋ ಹಳ್ಳದ ದಂಡೆಗೋ ಹೋಗುತ್ತಾರೆ. ತಂದ ಮಣ್ಣನ್ನು ಕಟ್ಟೆಯ ಮೇಲೆ ಸುರುವಿ, ಹರಳು, ಬೇರು ಆರಿಸಿ, ನೀರು ಚಿಮುಕಿಸಿ ನಾದಲು ಕೂರುತ್ತಾರೆ.

ಹಬ್ಬದ ಪೂಜೆ ಬೇಗ ಮುಗಿಯುತ್ತದೆ. ಜಗುಲಿಯ ಮೇಲೆ ಎತ್ತಿನ ಜೋಡಿ ಇಟ್ಟು, ಮುಂದೆ ಮಣ್ಣಿನದೇ ಮೇವಿನ ಗ್ವಾದಲಿ ಮಾಡಿ, ಕಡಬೋ ಹೋಳಿಗೆಯೋ ಎಡೆ ಹಿಡಿದರೆ ಆಯಿತು. ಮಣ್ಣಿನೊಡನೆ ಮಕ್ಕಳು ಕಳೆಯುವ ಹೊತ್ತು ಮಾತ್ರ ದೊಡ್ಡದು. ಈ ಆಟದಿಂದ ಮಕ್ಕಳಿಗೆ ದಕ್ಕುವುದೆಲ್ಲ ಆ ಹೊತ್ತಿನಲ್ಲಿದೆ.

ಮೊದಲ ಗುರು ಮಣ್ಣೇ. ಎರಿ ಮಣ್ಣು ಸುಲಭಕ್ಕೆ ಮಣಿಯುವಂಥದ್ದಲ್ಲ. ಮಣ್ಣು ವಿಜ್ಞಾನಿಗಳು ವರ್ಟಿಸಾಲ್ ಎಂದು ಕರೆಯುವ ಈ ಮಣ್ಣಿನಲ್ಲಿ ಕನಿಷ್ಠ ಶೇ. 30ರಷ್ಟು ಜೇಡಿಯ ಅಂಶ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮಾಂಟ್‌ಮೊರಿಲೊನೈಟ್ ಬಗೆಯ ಜೇಡಿ. ಅದರ ಪದರುಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರಿ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದೂ, ಮುಂಗಾರು ಬಿದ್ದ ಮೇಲೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುವುದೂ ಇದೇ ಗುಣದಿಂದ. ಏಳೆಂಟು ವರ್ಷದ ಹುಡುಗನಿಗೆ ಈ ಹೆಸರುಗಳು ಬೇಕಿಲ್ಲ. ನೀರು ಜಾಸ್ತಿಯಾದರೆ ಎತ್ತು ಕುಸಿದು ಕೂರುತ್ತದೆ, ಕಡಿಮೆಯಾದರೆ ಕಾಲು ಅಂಟುವುದಿಲ್ಲ ಎಂಬುದು ಅವನ ಬೆರಳಿಗೇ ತಿಳಿಯುತ್ತದೆ. ಬೀಜ ಬಿತ್ತಲು ಹೊಲದ ಹದ ನೋಡುವ ರೈತ ಒಂದು ಹಿಡಿ ಮಣ್ಣು ಎತ್ತಿ ಉಂಡೆ ಕಟ್ಟಿ ನೋಡುತ್ತಾನಲ್ಲ, ಆ ವಿದ್ಯೆಯ ಮೊದಲ ಅಕ್ಷರ ಇದು.

ನಂತರದ ಪಾಠ ಕಾಯುವುದು. ಮಾಡಿದ ಎತ್ತನ್ನು ಅವಸರದಲ್ಲಿ ಬಿಸಿಲಿಗಿಟ್ಟವರ ಎತ್ತು ಸಂಜೆಯೊಳಗೆ ಸೀಳುತ್ತದೆ. ತೆಳ್ಳಗಿನ ಕೋಡು, ಕಾಲು ಬೇಗ ಆರುತ್ತವೆ. ದಪ್ಪ ಹೊಟ್ಟೆ ಒಳಗೆ ಇನ್ನೂ ಹಸಿ. ಎರಡೂ ಒಂದೇ ಸಮ ಕುಗ್ಗದಿದ್ದಾಗ ಕೂಡಿದ ಜಾಗದಲ್ಲೇ ಬಿರುಕು. ಗಟ್ಟಿಯಾಗಲಿ ಎಂದು ಕಾಲಿನೊಳಗೆ ಕಡ್ಡಿ ತುರುಕಿದರೆ ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಅಲ್ಲೂ ಸೀಳು. ಅದಕ್ಕೇ ಕೈಪಳಗಿದ ಹುಡುಗರು ಕಾಲುಗಳನ್ನು ಗಿಡ್ಡಗೆ, ದಪ್ಪಗೆ ಮಾಡಿ, ಎತ್ತನ್ನು ನೆರಳಲ್ಲಿಟ್ಟು, ಮೇಲೊಂದು ಹಸಿ ಅರಿವೆ ಹೊದಿಸುತ್ತಾರೆ. ಬಿರಿದದ್ದನ್ನು ಮತ್ತೆ ನೀರಿಗೆ ಹಾಕಿ ಕಲಸಿದರೆ ಅದೇ ಮಣ್ಣು ಮೊದಲಿನಂತೆ ಸಿದ್ಧ. ಕೆಡಿಸಿದ್ದಕ್ಕೆ ಇಲ್ಲಿ ದಂಡವಿಲ್ಲ. ಚಿಕ್ಕ ಮಕ್ಕಳ ಕಲಿಕೆಗೆ ಇಷ್ಟು ಉದಾರವಾದ ಸಾಮಾನು ಬೇರೊಂದು ಸಿಗುವುದು ಕಷ್ಟ.

ಆಮೇಲೆ ಬರುವುದು ನೋಟ. ಎತ್ತು ಎಂದರೆ ನಾಲ್ಕು ಕಾಲು, ಎರಡು ಕೋಡು ಎಂದುಕೊಂಡ ಹುಡುಗ ಮಾಡಿದ್ದು ನಾಯಿಯಂತೆಯೋ ಮೇಕೆಯಂತೆಯೋ ಕಾಣುತ್ತದೆ. ಕಟ್ಟೆಯ ಮೇಲೆ ಕೂತ ಅಜ್ಜ ಅದನ್ನು ಕೈಗೆತ್ತಿಕೊಂಡು, ‘ಇಣಿ ಎಲ್ಲೈತೋ ತಮ್ಮಾ? ನೊಗ ಎಲ್ಲಿಡ್ತಿ?’ ಎಂದು ಕೇಳುತ್ತಾನೆ. ನೊಗ ಕೂರುವುದು ಇಣಿಯ (ಡುಬ್ಬದ) ಮುಂದೆ, ಕುತ್ತಿಗೆಯ ಮೇಲೆ. ಇಣಿಯೇ ನೊಗಕ್ಕೆ ಹಿಂದಿನಿಂದ ಆಸರೆ. ಹುಡುಗ ಎದ್ದು ಹೋಗಿ ದನದ ಮನೆಯಲ್ಲಿ ನಿಂತ ಎತ್ತನ್ನು ಮೊದಲ ಸಲ ನೋಡಿದವನಂತೆ ನೋಡುತ್ತಾನೆ. ಗಂಗೆದೊಗಲು ಎಷ್ಟು ಜೋಲುತ್ತದೆ, ಖಿಲ್ಲಾರಿ ಎತ್ತಿನ ಕೋಡು ಹೇಗೆ ಹಿಂದಕ್ಕೆ ಬಾಗಿ ಮೇಲೇರುತ್ತದೆ, ಬಾಲದ ಕುಚ್ಚು ಎಲ್ಲಿಯವರೆಗೆ ಇಳಿಯುತ್ತದೆ. ವಾಪಸು ಬಂದು ಮಾಡುವ ಎರಡನೆಯ ಎತ್ತಿನಲ್ಲಿ ಇವೆಲ್ಲ ಬರುತ್ತವೆ. ಕಣ್ಣಿಗೆ ಗುಲಗಂಜಿ, ಮೈಗೆ ಕುಸುಬಿ ಕಾಳೋ ಜೋಳವೋ, ಕೊರಳಿಗೆ ದಾರದ ಗೊಂಡೆ.

ಎತ್ತುಗಳನ್ನು ಜೋಡಿಯಾಗಿಯೇ ಮಾಡಬೇಕೆಂಬ ರೂಢಿಯೂ ಸಣ್ಣದಲ್ಲ. ಒಂದು ಎತ್ತರ, ಇನ್ನೊಂದು ಗಿಡ್ಡ ಆದರೆ ನೊಗ ಓರೆಯಾಗುತ್ತದೆ. ಎರಡನೆಯದನ್ನು ಮಾಡುವಾಗ ಮಗು ಮೊದಲನೆಯದರ ಕಡೆ ಹತ್ತಾರು ಸಲ ತಿರುಗಿ ನೋಡಲೇಬೇಕು. ಅಳೆಯುವುದು, ಸರಿದೂಗಿಸುವುದು ಇಲ್ಲಿ ಪಟ್ಟಿ, ಪೆನ್ಸಿಲು ಇಲ್ಲದೆ ನಡೆಯುತ್ತದೆ.

ಮಣ್ಣಿನ ಎತ್ತಿನೊಡನೆ ಮಕ್ಕಳ ನಂಟು ಬಹಳ ಹಳೆಯದು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಹರಪ್ಪ, ಮೊಹೆಂಜೊದಾರೊಗಳಲ್ಲಿ ಸುಟ್ಟ ಮಣ್ಣಿನ ಬಂಡಿ, ಎತ್ತುಗಳು ಸಿಕ್ಕಿವೆ. ತಲೆ ಆಡಿಸುವ ಎತ್ತಿನ ಬೊಂಬೆಯೂ ಅವುಗಳಲ್ಲಿ ಒಂದು. ಶೂದ್ರಕನ ‘ಮೃಚ್ಛಕಟಿಕ’ ನಾಟಕಕ್ಕೆ ಹೆಸರು ಬಂದದ್ದೇ ಚಾರುದತ್ತನ ಮಗ ರೋಹಸೇನನ ಮಣ್ಣಿನ ಬಂಡಿಯಿಂದ. ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಶುರುಮಾಡಿದ ಶಿಶುವಿಹಾರದ ಪದ್ಧತಿಯಲ್ಲೂ ಜೇಡಿಮಣ್ಣಿನ ಕೆಲಸಕ್ಕೆ ಜಾಗ ದೊರೆಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಈ ಆಟ ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಮಣ್ಣೆತ್ತಿನ ಬೆನ್ನಿಗೇ ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪ, ಜೋಕುಮಾರ ಬರುತ್ತಾರೆ. ಮಳೆಗಾಲವಿಡೀ ಕೈಗೆ ಮಣ್ಣಿನ ಕೆಲಸ.

ಈ ಅಮಾಸಿ ಮಳೆಯ ದಾರಿ ಕಾಯುವುದಿಲ್ಲ. 2024ರಲ್ಲಿ ಜುಲೈ 5ಕ್ಕೆ, 2025ರಲ್ಲಿ ಜೂನ್ 25ಕ್ಕೆ ಬಂತು. 2023ರಲ್ಲಿ ಜೂನ್ ನಡುವೆಯೇ ಬಂದಿತ್ತು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಮುಂದೆ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿತು. ಬರ ಬರಲಿ, ಮಳೆ ಬರಲಿ, ಎತ್ತು ಮಾಡುವುದು ನಿಲ್ಲುವುದಿಲ್ಲ. ಬಿತ್ತುವ ಕಾಲದ ಆತಂಕ ಮನೆಯ ಮಕ್ಕಳನ್ನೂ ತಟ್ಟುತ್ತದೆ, ಅದರ ಜೊತೆಗೇ ಭರವಸೆಯೂ.

ಹಬ್ಬದ ಮರುದಿನದ ರೂಢಿಯೊಂದು ಈ ಆಟಕ್ಕೆಲ್ಲ ಕಳಶವಿಟ್ಟಂತಿದೆ. ಧಾರವಾಡ, ಗದಗ ಸೀಮೆಯ ಹಲವು ಹಳ್ಳಿಗಳಲ್ಲಿ ಮಕ್ಕಳು ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕುಂಟೆತ್ತಿಗೆ ಜೋಳ ನೀಡಿರೆಂದು ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಗಟ್ಟಿ ಎತ್ತುಗಳ ಹೆಸರಿನಲ್ಲಿ ಯಾರೂ ಬೇಡುವುದಿಲ್ಲ. ಕೇಳುವುದೆಲ್ಲ ದುಡಿಯಲಾಗದ ಒಂದರ ಹೆಸರಿನಲ್ಲಿ. ಯಾವ ಮನೆಯ ಅವ್ವನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಮೊರದಲ್ಲಿ ತಂದು ನೀಡಿದ ಕಾಳು ಚೀಲ ಸೇರಿ, ಅಂಗಡಿಯಲ್ಲಿ ಬೆಲ್ಲ, ಚುರುಮುರಿಯಾಗಿ, ಹುಡುಗರ ನಡುವೆ ಹಂಚಿಹೋಗುತ್ತದೆ. ದುಡಿಯಲಾಗದ ಎತ್ತಿನ ಹೊಟ್ಟೆಯ ಚಿಂತೆ ಮಾಡುವುದು ರೈತನ ಧರ್ಮ ಎಂಬುದನ್ನು ಇದಕ್ಕಿಂತ ಸೊಗಸಾಗಿ ಮಕ್ಕಳಿಗೆ ಹೇಳುವ ಬಗೆ ಯಾವುದಿದೆ?

ಈಗ ಎತ್ತುಗಳೇ ಕಡಿಮೆಯಾಗುತ್ತಿವೆ. 2019ರ ಜಾನುವಾರು ಗಣತಿಯಲ್ಲಿ ದೇಶದ ನಾಟಿ ದನಗಳ ಸಂಖ್ಯೆ 2012ಕ್ಕಿಂತ ಶೇ. 6ರಷ್ಟು ಇಳಿದಿತ್ತು. ಕುಂದಗೋಳದ ಹೊಲಗಳಲ್ಲೂ ರಂಟೆ, ಕುಂಟೆಯ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತಿದೆ. ಹಬ್ಬದ ಸಂತೆಯಲ್ಲಿ ಬಣ್ಣ ಬಳಿದ ಜೋಡಿ ಎತ್ತು ಸಿದ್ಧವಾಗಿ ಸಿಗುತ್ತದೆ. ಕುಂಬಾರರಿಗೆ ಅದು ನಾಲ್ಕು ಕಾಸಿನ ಆಸರೆ, ಅದನ್ನು ಬೇಡವೆನ್ನಲಾಗದು. ಆದರೆ ಕೊಂಡು ತಂದ ಎತ್ತು ಪೂಜೆಗೆ ಒದಗುತ್ತದೆಯೇ ಹೊರತು ಮಗುವಿನ ಬೆರಳಿಗೆ ಏನನ್ನೂ ಕಲಿಸುವುದಿಲ್ಲ.

ಅಮಾಸಿ ಬರುವ ಹೊತ್ತಿಗೆ ಶಾಲೆಗಳು ಶುರುವಾಗಿರುತ್ತವೆ. ಹಿಂದಿನ ದಿನ ಶಾಲೆಯ ಅಂಗಳಕ್ಕೆ ನಾಲ್ಕು ಬುಟ್ಟಿ ಎರಿ ಮಣ್ಣು ತರಿಸಿ, ಊರಲ್ಲಿ ಎತ್ತು ಸಾಕಿದವರೊಬ್ಬರನ್ನು ಜೋಡಿ ಸಮೇತ ಕರೆದರೆ ಸಾಕು. ಬೇವಿನ ಗಿಡದ ನೆರಳಲ್ಲಿ ಎತ್ತು ನಿಂತಿರಲಿ, ಮಕ್ಕಳು ಮುಟ್ಟಿ ನೋಡಲಿ, ನೋಡಿ ಮಾಡಲಿ. ಅಂದು ಗಣಿತದ ಒಂದು ಪೀರಿಯಡ್ಡು ತಪ್ಪಿದರೂ ನಷ್ಟವೇನಿಲ್ಲ. ಜೋಡಿ ಎತ್ತನ್ನು ಸರಿಸಮ ಮಾಡುವುದರಲ್ಲಿ ಆ ಲೆಕ್ಕವೂ ನಡೆದಿರುತ್ತದೆ.