ಮರದ ಬಟ್ಟಲಿಗೆ ರೆಕ್ಕೆ ಮೂಡುವ ಬಗೆ

‘ಕಡೆ’ ಎಂಬ ಧಾತುವಿಗೆ ನಮ್ಮ ನುಡಿಯಲ್ಲಿ ಅರ್ಥಗಳು ಹಲವು. ಮೊಸರನ್ನು ಕಡೆಯುವುದು ಒಂದು. ಮರವನ್ನಾಗಲಿ ಕಲ್ಲನ್ನಾಗಲಿ ತಿರುಗಿಸಿ ರೂಪಗೊಳಿಸುವುದು ಮತ್ತೊಂದು. ಮೊದಲನೆಯದರಲ್ಲಿ ಕಡೆಗೋಲು ತಿರುಗುತ್ತದೆ. ಎರಡನೆಯದರಲ್ಲಿ ಉಳಿಯನ್ನು ಆನಿಸಿ ಹಿಡಿದಿರಲು ವಸ್ತುವೇ ತಿರುಗುತ್ತದೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಹೀಗೆ ಕಡೆದ ಬಳಪದ ಕಲ್ಲಿನ ಕಂಬಗಳನ್ನು ಇಂದಿಗೂ ಕಾಣಬಹುದು. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರವನ್ನು ಕಡೆದು, ತಿರುಗುತ್ತಿರುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದಲೇ ಅದನ್ನು ಕರಗಿಸಿ ಬಳಿಯುತ್ತಾರೆ.

ಕಡೆಯುವ ಯಂತ್ರದಿಂದ ದುಂಡಾದ ವಸ್ತು ಹುಟ್ಟುವುದು ಸಹಜ. ಆದರೆ ಅದೇ ಯಂತ್ರದಿಂದ ನಾಲ್ಕು ಮೂಲೆಗಳು ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆದ್ದ ಅಲಂಕಾರದ ಬಟ್ಟಲನ್ನು ತೆಗೆಯುವ ಪದ್ಧತಿಯೊಂದು ಪಾಶ್ಚಾತ್ಯ ಕುಶಲಕರ್ಮಿಗಳಲ್ಲಿ ರೂಢಿಯಲ್ಲಿದೆ. ದುಂಡನ್ನು ಮಾತ್ರ ಬಲ್ಲ ಯಂತ್ರವು ರೆಕ್ಕೆಯನ್ನು ಹೇಗೆ ಕೊಟ್ಟೀತು? ಇದರ ಮರ್ಮವು ಸರಳವಾದ ರೇಖಾಗಣಿತದಲ್ಲಿದೆ.

20 ಸೆಂ.ಮೀ. ಚೌಕದ ಮರದ ತುಂಡೊಂದನ್ನು ತೆಗೆದುಕೊಳ್ಳೋಣ. ನಡುವಿನಿಂದ ಪ್ರತಿ ಬದಿಯ ಮಧ್ಯಕ್ಕೆ 10 ಸೆಂ.ಮೀ. ದೂರ, ಮೂಲೆಗಾದರೋ 14 ಸೆಂ.ಮೀ.ಗಿಂತ ತುಸು ಹೆಚ್ಚು. ಸಾಮಾನ್ಯವಾದ ಬಟ್ಟಲಿಗೆ ಈ ಮೂಲೆಗಳನ್ನು ಮೊದಲೇ ಗರಗಸದಿಂದ ಕತ್ತರಿಸಿ ತೆಗೆಯುತ್ತಾರೆ. ಇಲ್ಲಿ ಅವುಗಳನ್ನು ಹಾಗೆಯೇ ಉಳಿಸಿಕೊಂಡು, ನಡುವಿನಿಂದ ಹೊರಗೆ ಹೋದಂತೆಲ್ಲ ಮೇಲಕ್ಕೇರುವ ಬಾಗನ್ನು ಕಡೆಯಬೇಕು. ಆಗ ಹತ್ತಿರದಲ್ಲಿರುವ ಬದಿಯ ಮಧ್ಯವು ತಗ್ಗಿಯೂ ದೂರದಲ್ಲಿರುವ ಮೂಲೆಯು ಎತ್ತರವಾಗಿಯೂ ನಿಲ್ಲುತ್ತವೆ. ಒಂದೇ ಬಾಗು, ಅದರಿಂದಲೇ ನಾಲ್ಕು ರೆಕ್ಕೆಗಳು.

ಕೆಲಸದ ಕ್ರಮ ಹೀಗಿದೆ. ಚೆನ್ನಾಗಿ ಒಣಗಿದ, ಬಿರುಕಿಲ್ಲದ ತುಂಡನ್ನು ಆರಿಸಬೇಕು. ಬಿರುಕಿದ್ದರೆ ತಿರುಗುವ ವೇಗಕ್ಕೆ ಸಿಡಿದು ಹಾರುವ ಭಯವುಂಟು. ಬಟ್ಟಲಿನ ಬಾಯಿ ಆಗಬೇಕಾದ ಮುಖಕ್ಕೆ ಲೋಹದ ಬಿಲ್ಲೆಯನ್ನು ತಿರುಪುಮೊಳೆಗಳಿಂದ ಬಿಗಿದು ಯಂತ್ರಕ್ಕೆ ಸೇರಿಸುತ್ತಾರೆ. ಮೊಳೆಯ ತೂತುಗಳು ಮುಂದೆ ತೋಡಿಹೋಗುವ ಭಾಗದಲ್ಲಿಯೇ ಇರುವುದರಿಂದ ಅವುಗಳ ಗುರುತು ಉಳಿಯುವುದಿಲ್ಲ. ಮೊದಲು ಪಾದವನ್ನೂ ರೆಕ್ಕೆಗಳ ಕೆಳಮೈಯನ್ನೂ ಕಡೆದು, ಅನಂತರ ತುಂಡನ್ನು ತಿರುವಿ, ಪಾದವನ್ನು ಯಂತ್ರದ ಹಿಡಿಯಲ್ಲಿ ಬಿಗಿಯುತ್ತಾರೆ. ಆಮೇಲೆ ರೆಕ್ಕೆಗಳ ಮೇಲ್ಮೈ, ಕಟ್ಟಕಡೆಗೆ ನಡುವಿನ ಗುಳಿ. ಈ ಕ್ರಮವನ್ನು ಮೀರಲಾಗದು. ನಡುವೆ ಮರ ದಪ್ಪವಾಗಿರುವಾಗಲೇ ರೆಕ್ಕೆಯನ್ನು ತೆಳುಗೊಳಿಸಬೇಕು. ಗುಳಿಯನ್ನು ಮೊದಲೇ ತೋಡಿದರೆ ಆಧಾರ ತಪ್ಪಿದ ರೆಕ್ಕೆ ನಡುಗಿ ಮುರಿದೀತು.

ತಿರುಗುವಾಗ ರೆಕ್ಕೆಗಳು ಕಣ್ಣಿಗೆ ತೆಳುವಾದ ನೆರಳಿನಂತೆ ಮಾತ್ರ ತೋರುತ್ತವೆ. ಉಳಿಯು ಒಂದು ಕ್ಷಣ ಮರವನ್ನೂ ಮರುಕ್ಷಣ ಬರಿಯ ಗಾಳಿಯನ್ನೂ ಎದುರಿಸುತ್ತದೆ. ನಿಮಿಷಕ್ಕೆ 1000 ಸುತ್ತಿನ ವೇಗವಿದ್ದರೆ ಉಳಿಯ ಮುಂದೆ ಮೂಲೆಗಳು ನಿಮಿಷಕ್ಕೆ 4000 ಸಲ ಹಾದುಹೋಗುತ್ತವೆ. ಅಲಗು ಹರಿತವಾಗಿರಬೇಕು, ಒತ್ತಡ ಹಗುರವಾಗಿರಬೇಕು. ಗಾಳಿಯಿದೆಯೆಂದು ಉಳಿಯನ್ನು ಮುಂದಕ್ಕೆ ನೂಕಿದವನಿಗೆ ಮರುಕ್ಷಣವೇ ಮೂಲೆಯ ಪೆಟ್ಟು ತಗಲುತ್ತದೆ. ಯಂತ್ರವನ್ನು ನಡೆಸುವ ಮುನ್ನ ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಮೂಲೆ ಎಲ್ಲಿಯೂ ತಾಗದೆಂದು ನಿಶ್ಚಯಿಸಿಕೊಳ್ಳಬೇಕು. ಮುಖಕ್ಕೆ ಕಾಪು ಇರಬೇಕು. ಬೆರಳುಗಳು ಉಳಿಯ ಆಸರೆಯ ಪಟ್ಟಿಯನ್ನು ದಾಟಕೂಡದು. ಚನ್ನಪಟ್ಟಣದ ರೀತಿಯಲ್ಲಿ ಅರಗಿನ ಕಡ್ಡಿಯನ್ನು ಒತ್ತುವುದು ಈ ರೆಕ್ಕೆಗಳಿಗೆ ಸಲ್ಲದು. ಯಂತ್ರವನ್ನು ನಿಲ್ಲಿಸಿಯೇ ಅವುಗಳನ್ನು ಕೈಯಿಂದ ಉಜ್ಜಿ ಎಣ್ಣೆ ಹಚ್ಚಬೇಕು.

ಬಾಚಿಕಾಯಕದ ಬಸವಯ್ಯ, ಮೇದಾರ ಕೇತಯ್ಯ ಮೊದಲಾದ ಶರಣರು ತಮ್ಮ ಕಸುಬಿನ ಹೆಸರಿನಿಂದಲೇ ಪೂಜ್ಯರಾದವರು. ಆ ಪರಂಪರೆಯ ಮಠಗಳು ನಡೆಸುವ ಶಾಲೆಗಳಲ್ಲಿ ಕೈಕಸುಬು ಓದಿನಲ್ಲಿ ಹಿಂದುಳಿದವರ ಪಾಲಿನದೆಂಬ ಭಾವನೆಗೆ ಎಡೆಯಿರಬಾರದು. ಈ ಒಂದು ಬಟ್ಟಲಿನಲ್ಲಿ ಗಣಿತವೂ ಇದೆ, ಪದಾರ್ಥವಿಜ್ಞಾನವೂ ಇದೆ. ಎಷ್ಟನ್ನು ತೆಗೆಯಬೇಕು, ಎಷ್ಟನ್ನು ಉಳಿಸಬೇಕು ಎಂಬ ವಿವೇಕವೂ ಇದೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಯಂತ್ರವನ್ನು ಕೊಡಿಸುವ ಪುಣ್ಯಾತ್ಮರು ದೊರೆಯುತ್ತಾರೆ. ಕೊಟ್ಟವರ ಹೆಸರು ಅದರ ಮೇಲೆ ಉಳಿಯುತ್ತದೆ. ಕಲಿಸುವ ಕುಶಲಕರ್ಮಿಯ ಸಂಬಳಕ್ಕೆ ನೆರವಾಗುವವರು ವಿರಳ. ಆದರೆ ಗುರುವಿಲ್ಲದ ಕಡೆ ಈ ಯಂತ್ರಕ್ಕೆ ಬೀಗ ಹಾಕಿಡುವುದೇ ಕ್ಷೇಮ. ಏಕೆಂದರೆ ಅಲ್ಲಿ ಅಪಾಯಕ್ಕೆ ಈಡಾಗುವುದು ಮಕ್ಕಳ ಕೈಬೆರಳು. ನುರಿತ ಕೈಯೊಂದು ಪಕ್ಕದಲ್ಲಿ ನಿಂತು, ‘ಒತ್ತಬೇಡ, ಮರ ನಿನ್ನ ಬಳಿಗೆ ಬರಲಿ’ ಎಂದು ಹೇಳುವಂತಿದ್ದರೆ ಅದೇ ಯಂತ್ರ ವಿದ್ಯೆಯಾಗುತ್ತದೆ. ಮೊದಲು ಆ ಗುರುವಿಗೆ ನೆಲೆಯಾಗಲಿ. ಯಂತ್ರ ಅನಂತರ ಬರಲಿ.