ಫ್ಯಾನಿನ ಸದ್ದಿಗೊಂದು ಅಳತೆ
ಮನೆಯೆಲ್ಲ ಮಲಗಿದ ಮೇಲೂ ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಲೇ ಇರುತ್ತದೆ. ನಿದ್ದೆ ಕೆಡಿಸುವ ಈ ಸದ್ದನ್ನು ಅಳೆಯಲು ದುಬಾರಿ ಉಪಕರಣವೇ ಬೇಕೆ? ತಾಳ್ಮೆಯಿದ್ದರೆ ಅಗ್ಗದ ಮಾಪಕವೂ ಸಾಕು.

ಮೊದಲು ಫ್ಯಾನನ್ನು ನಿಲ್ಲಿಸಿ ಕೋಣೆಯ ಮೌನವನ್ನು ಅಳೆಯಬೇಕು, ಮೌನಕ್ಕೂ ಸದ್ದುಂಟು. ಅದು 30 ಡೆಸಿಬೆಲ್, ಫ್ಯಾನು ತಿರುಗುವಾಗ 33 ಎಂದಿಟ್ಟುಕೊಳ್ಳೋಣ. ಆಗ ಫ್ಯಾನಿನ ಪಾಲು 3 ಅಲ್ಲ, 30! ಡೆಸಿಬೆಲ್ಲಿನದು ಲಾಗರಿದಮ್ ಲೆಕ್ಕ. ಸಮನಾದ ಎರಡು ಸದ್ದುಗಳು ಕೂಡಿದರೆ ಏರುವುದು ಸುಮಾರು ಮೂರೇ. ಅಂತರ 10 ಆದರೆ ಕೋಣೆಯಿಂದಾಗುವ ತಪ್ಪು ಅರ್ಧ ಡೆಸಿಬೆಲ್ಲಿಗೂ ಕಡಿಮೆ. ಅದಕ್ಕಾಗಿ ಮಾಪಕವನ್ನು ಸಮೀಪಕ್ಕೆ ತರಬೇಕು: ದೂರ ಅರ್ಧವಾದರೆ ಫ್ಯಾನಿನ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಆದರೆ ಗಾಳಿಯ ನೇರಕ್ಕೆ ಇಡಬಾರದು. ಮೈಕಿಗೆ ಬಡಿಯುವ ಗಾಳಿಯೂ ಸದ್ದೆಂದೇ ದಾಖಲಾಗುತ್ತದೆ.

ಅಗ್ಗದ ಮಾಪಕದ ಅಂಕಿ ಪರಮಸತ್ಯವಲ್ಲ. ಆದರೂ ಒಂದೇ ಸ್ಥಳ, ಒಂದೇ ದೂರದಲ್ಲಿ ಎರಡು ಫ್ಯಾನುಗಳನ್ನು ಹೋಲಿಸಿದಾಗ ಅದು ನ್ಯಾಯವಾದ ತೀರ್ಪನ್ನೇ ಕೊಟ್ಟೀತು.